ಮನೆತನದ ಚರಿತ್ರೆ ಹುಡುಕುವವರ ಕೆಲಸದ ಪಟ್ಟಿ ಮತ್ತು ಐದು ಬಣ್ಣಗಳು

ಮಾನ್ಯರೇ,

ಮನೆತನದ ಚರಿತ್ರೆಯನ್ನು ಹುಡುಕಲು ಹೊರಟವರಿಗೆ ಮಾಹಿತಿಯ ಕೊರತೆ ಕಾಡುವುದಕ್ಕೆ ಮೊದಲೇ ಕೆಲಸಗಳ ಗೊಂದಲ ಕಾಡತೊಡಗುತ್ತದೆ. ದೊಡ್ಡಮ್ಮನನ್ನು ಒಂದು ಮಾತು ಕೇಳಬೇಕು, ತಾಲ್ಲೂಕು ಕಚೇರಿಯಲ್ಲಿ ಕೈಬರಹದ ಪಹಣಿಗೆ ಅರ್ಜಿ ಹಾಕಬೇಕು, ಟ್ರಂಕಿನಲ್ಲಿರುವ, ಹಳೆಯ ಮೋಡಿ ಲಿಪಿಯ ಕಾಗದವನ್ನು ಓದಬಲ್ಲವರಿಗೆ ತೋರಿಸಬೇಕು, ಅಜ್ಜ ಓದಿದ ಶಾಲೆಯ ದಾಖಲಾತಿ ಪುಸ್ತಕ ಇನ್ನೂ ಉಳಿದಿದೆಯೇ ಎಂದು ವಿಚಾರಿಸಬೇಕು. ಇಂಥ ಕೆಲಸಗಳು ದಿನದಿನಕ್ಕೆ ಹೆಚ್ಚುತ್ತಾ ಡೈರಿಯ ಹಾಳೆಗಳಲ್ಲಿ, ವಾಟ್ಸಾಪ್ ಸಂದೇಶಗಳಲ್ಲಿ, ಹಳೆಯ ಲಕೋಟೆಗಳ ಬೆನ್ನಿನ ಮೇಲೆ ಚದುರಿಹೋಗುತ್ತವೆ. ಅವನ್ನು ಒಂದೇ ಪಟ್ಟಿಗೆ ತಂದು, ಬಣ್ಣಗಳ ನೆರವಿನಿಂದ ಕ್ರಮಗೊಳಿಸುವುದು ಹೇಗೆ ಎಂಬುದು ಇಂದಿನ ವಿಷಯ. ನಾನು ಹೇಳಬೇಕೆಂದಿರುವ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಮ್ಮ ಕಡೆಯ ಸಂಶೋಧನೆಯಲ್ಲಿ ಬಣ್ಣವನ್ನು ಮನೆತನದ ಕವಲಿಗೆ ಕೊಡುವುದಕ್ಕಿಂತ, ಉತ್ತರ ಎಲ್ಲಿ ಸಿಗುತ್ತದೋ ಆ ಜಾಗಕ್ಕೆ ಕೊಡುವುದು ಮೇಲು.

ಹೀಗೆ ಹೇಳುವುದಕ್ಕೆ ಕಾರಣವಿದೆ. ಅಮೆರಿಕದ ಹವ್ಯಾಸಿ ವಂಶಶೋಧಕರಲ್ಲಿ ಬಹಳ ಕಾಲದಿಂದ ಒಂದು ಬಣ್ಣದ ಪದ್ಧತಿ ಬಳಕೆಯಲ್ಲಿದೆ. ತಂದೆಯ ತಂದೆಯ ಕಡೆಯ ಕಡತಗಳಿಗೆ ನೀಲಿ, ತಂದೆಯ ತಾಯಿಯ ಕಡೆಯವಕ್ಕೆ ಹಸಿರು, ತಾಯಿಯ ತಂದೆಯ ಕಡೆಯವಕ್ಕೆ ಕೆಂಪು, ತಾಯಿಯ ತಾಯಿಯ ಕಡೆಯವಕ್ಕೆ ಹಳದಿ. ನಾಲ್ವರು ಅಜ್ಜ-ಅಜ್ಜಿಯರಿಂದ ನಾಲ್ಕು ಬೇರೆ ಬೇರೆ ಮನೆತನಗಳು ಹಿಂದಕ್ಕೆ ಸಾಗುತ್ತವೆ, ಒಂದು ಮನೆತನದ ಕಾಗದ ಇನ್ನೊಂದರೊಡನೆ ಬೆರೆಯಬಾರದು ಎಂಬ ಎಣಿಕೆಯ ಮೇಲೆ ಈ ಪದ್ಧತಿ ನಿಂತಿದೆ. ಅಲ್ಲಿನ ಕುಟುಂಬಗಳಿಗೆ ಅದು ಬಹುಮಟ್ಟಿಗೆ ಒಪ್ಪುತ್ತದೆ. ಅಂತರ್ಜಾಲದಲ್ಲಿ ಸಿಗುವ ಸಿದ್ಧ ನಮೂನೆಗಳು ಇದನ್ನೇ ಅನುಸರಿಸುವುದರಿಂದ, ನಮ್ಮಲ್ಲಿ ಹೊಸದಾಗಿ ಈ ಕೆಲಸಕ್ಕೆ ಇಳಿಯುವವರೂ ಇದನ್ನೇ ಎತ್ತಿಕೊಂಡು ಆರಂಭಿಸುತ್ತಾರೆ.

ಆದರೆ ಸೋದರಿಕೆಯ ಮದುವೆಗಳು ಸಾಮಾನ್ಯವಾಗಿದ್ದ ಮನೆತನಗಳಲ್ಲಿ ಈ ನಾಲ್ಕು ಬಣ್ಣಗಳು ಎರಡನೆಯ ಮೆಟ್ಟಿಲಿನಲ್ಲೇ ಒಂದರೊಳಗೊಂದು ಸೇರಿಕೊಳ್ಳುತ್ತವೆ. ಪೂರ್ವಜರಿಗೆ ಸಂಖ್ಯೆ ಕೊಡುವ ಒಂದು ಹಳೆಯ ಕ್ರಮವನ್ನು ನೋಡಿ: ತನಗೆ 1, ತಂದೆಗೆ 2, ತಾಯಿಗೆ 3, ಯಾರ ಸಂಖ್ಯೆಯನ್ನು ಎರಡರಿಂದ ಗುಣಿಸಿದರೂ ಬರುವುದು ಅವರ ತಂದೆಯ ಸಂಖ್ಯೆ, ಅದಕ್ಕೆ ಒಂದು ಕೂಡಿಸಿದರೆ ತಾಯಿಯ ಸಂಖ್ಯೆ. ತಂದೆ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದರೆ, ತಾಯಿಯ ತಾಯಿ, ಅಂದರೆ 7ನೆಯವರು, ತಂದೆಯ ಅಕ್ಕನೇ ಆಗಿರುತ್ತಾರೆ. ಆಗ 14 ಮತ್ತು 15 ಎಂಬ ಮನೆಗಳಲ್ಲಿ ಬರೆಯಬೇಕಾದವರು ಈಗಾಗಲೇ 4 ಮತ್ತು 5 ಎಂದು ಬರೆದಿರುವ ತಂದೆಯ ತಂದೆ-ತಾಯಿಯರೇ. ಹಳದಿ ಕಡತ ತೆರೆದ ಕೂಡಲೇ ಮುಗಿದು, ನೀಲಿಗೂ ಹಸಿರಿಗೂ ಹೋಗಿ ಸೇರುತ್ತದೆ. ಸೋದರಮಾವನ ಮಗಳನ್ನು ತಂದುಕೊಂಡ ಮದುವೆಯಾದರೆ ತಂದೆಯ ತಾಯಿಯೂ ತಾಯಿಯ ತಂದೆಯೂ ಒಡಹುಟ್ಟಿದವರಾಗಿ, ಎಂಟು ಮಂದಿ ಇರಬೇಕಾದ ಮುತ್ತಜ್ಜ-ಮುತ್ತಜ್ಜಿಯರ ಸಾಲಿನಲ್ಲಿ ಆರೇ ಮಂದಿ ಉಳಿಯುತ್ತಾರೆ. ಇಂಥ ಮದುವೆಗಳು ಎರಡು ಮೂರು ತಲೆಮಾರು ನಡೆದಿದ್ದರೆ ಒಂದು ಕಾಗದಕ್ಕೆ ಯಾವ ಬಣ್ಣ ಎಂದು ತೀರ್ಮಾನಿಸುವುದೇ ಒಂದು ಸಂಶೋಧನೆಯಾಗಿಬಿಡುತ್ತದೆ.

ತುಳುನಾಡಿನಲ್ಲಿ ತೊಂದರೆ ಬೇರೆ ಬಗೆಯದು. ಅಳಿಯಸಂತಾನ ಕಟ್ಟಿನ ಕುಟುಂಬಗಳಲ್ಲಿ ಬರಿಯೂ (ಕುಲದ ಹೆಸರು) ಆಸ್ತಿಯೂ ಹೆಣ್ಣಿನ ಕಡೆಯಿಂದ ಇಳಿದುಬಂದವು. ಹೀಗಾಗಿ ತಾಯಿಯ ತಾಯಿಯ ಕಡತ ದಪ್ಪವಾಗಿ ಬೆಳೆದು, ತಂದೆಯ ತಂದೆಯದು ತೆಳ್ಳಗೆ ಉಳಿಯುತ್ತದೆ. 1949ರ ಮದರಾಸು ಅಳಿಯಸಂತಾನ ಕಾಯ್ದೆಯ ನಂತರ ಆದ ವಿಭಾಗ ಪತ್ರಗಳಲ್ಲಿ ಕವರು ಕವರಾಗಿ, ಅಂದರೆ ಒಬ್ಬೊಬ್ಬ ಹೆಣ್ಣಿನಿಂದ ಇಳಿದ ಕವಲುಗಳ ಪ್ರಕಾರ, ಹೆಸರುಗಳು ಸಿಗುವುದುಂಟು. ಅಂಥ ಒಂದು ಪತ್ರ ಕೈಗೆ ಬಂದರೆ ಹಲವು ತಲೆಮಾರುಗಳ ಹೆಂಗಸರ ಹೆಸರುಗಳು ಒಟ್ಟಿಗೆ ದೊರೆಯುತ್ತವೆ. ಆ ಕುಟುಂಬದ ಶೋಧಕರಿಗೆ ನಾಲ್ಕು ಬಣ್ಣದ ಕಡತಗಳಿಗಿಂತ ಕವರುಗಳ ಪಟ್ಟಿಯೊಂದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಇನ್ನೊಂದು ವ್ಯತ್ಯಾಸ ಆಕರಗಳದ್ದು. ಅಮೆರಿಕದಲ್ಲಿ 72 ವರ್ಷ ತುಂಬಿದ ಜನಗಣತಿಯ ಹಾಳೆಗಳನ್ನು ಸಾರ್ವಜನಿಕರಿಗೆ ತೆರೆಯುತ್ತಾರೆ. 1950ರ ಗಣತಿ 2022ರಲ್ಲಿ ತೆರೆಯಿತು. ಅಲ್ಲಿಯ ಶೋಧಕ ಒಂದೇ ಕುರ್ಚಿಯಲ್ಲಿ ಕುಳಿತು ನಾಲ್ಕೂ ಕವಲುಗಳನ್ನು ಹಿಂದಕ್ಕೆ ಅಟ್ಟಿಕೊಂಡು ಹೋಗಬಲ್ಲ. ನಮ್ಮಲ್ಲಿ 1948ರ ಜನಗಣತಿ ಕಾಯ್ದೆಯ 15ನೆಯ ಪ್ರಕರಣದ ಪ್ರಕಾರ ವ್ಯಕ್ತಿಗಳ ವಿವರವಿರುವ ಗಣತಿ ದಾಖಲೆಗಳನ್ನು ಯಾರೂ ನೋಡುವಂತಿಲ್ಲ. ಜನನ ಮರಣಗಳ ನೋಂದಣಿ ದೇಶಕ್ಕೆಲ್ಲ ಒಂದೇ ಕಾಯ್ದೆಯಡಿ ಬಂದದ್ದು 1969ರಲ್ಲಿ. ಅದಕ್ಕೆ ಹಿಂದಿನದನ್ನು ಕಂದಾಯದ ಕಡತಗಳಲ್ಲಿ, ಶಾಲೆಗಳಲ್ಲಿ, ಇಗರ್ಜಿಗಳಲ್ಲಿ, ಜಮಾತಿನ ನಿಕಾಹ್ ಪುಸ್ತಕಗಳಲ್ಲಿ, ಕಾಶಿ ಗಯೆಗಳ ಕ್ಷೇತ್ರಪುರೋಹಿತರಾದ ಪಂಡರ ವಹಿಗಳಲ್ಲಿ, ಹಿರಿಯರ ನೆನಪಿನಲ್ಲಿ ಹುಡುಕಿಕೊಳ್ಳಬೇಕು. ಇದರ ಮೇಲೆ, 1956ರ ನವೆಂಬರ್ 1ಕ್ಕೆ ಮೊದಲು ಈ ನಾಡು ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂದು ಹಂಚಿಹೋಗಿತ್ತು. ಒಂದೊಂದು ಆಡಳಿತದ ದಫ್ತರ ಒಂದೊಂದು ಬಗೆ, ಭಾಷೆ ಲಿಪಿಗಳೂ ಬೇರೆ. ಉತ್ತರ ಕನ್ನಡವಂತೂ 1862ರವರೆಗೆ ಮದರಾಸಿಗೆ ಸೇರಿದ್ದು ಆಮೇಲೆ ಮುಂಬಯಿಗೆ ಹೋಯಿತು. ಕಾರವಾರದ ಒಂದೇ ಮನೆತನದ ಜಾಡು ಎರಡು ಅಧಿಪತ್ಯಗಳ ಕಾಗದಗಳಲ್ಲಿ ಹರಡಿಕೊಂಡಿರುತ್ತದೆ. ಇಂಥಲ್ಲಿ ನಮ್ಮ ಸಮಯವನ್ನು ತಿನ್ನುವುದು ಓಡಾಟ ಮತ್ತು ಕಾಯುವಿಕೆ. ಬಣ್ಣವು ಸೂಚಿಸಬೇಕಾದದ್ದೂ ಅದನ್ನೇ.

ಬಣ್ಣದ ಕೆಲಸ ಎಷ್ಟರದು ಎಂಬುದನ್ನೂ ಇಲ್ಲೇ ಸ್ಪಷ್ಟಪಡಿಸಿಕೊಳ್ಳೋಣ. ಮದುವೆಯ ಕರೆಯೋಲೆಯ ಮೂಲೆಗೆ ಹಚ್ಚಿದ ಅರಿಸಿನ, ಒಳಗಿನ ಅಕ್ಷರ ಓದುವ ಮೊದಲೇ ಇದು ಶುಭದ ಕಾಗದ ಎಂದು ಹೇಳುತ್ತದೆ. ಯಾರ ಮದುವೆ, ಯಾವ ಮುಹೂರ್ತ ಎಂಬುದನ್ನು ಹೇಳುವ ಹೊಣೆಯನ್ನು ಅದು ಹೊರುವುದಿಲ್ಲ. ನಮ್ಮ ಪಟ್ಟಿಯ ಬಣ್ಣವೂ ಒಂದೇ ಸಂಗತಿಯನ್ನು ಹೇಳಬೇಕು. ಕವಲು, ತುರ್ತು, ಸ್ಥಿತಿ, ಊರು ಎಲ್ಲವನ್ನೂ ಬಣ್ಣದಲ್ಲೇ ತೋರಿಸಹೊರಟವರ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಅವನ್ನು ಓದಲು ಪಕ್ಕದಲ್ಲಿ ಇನ್ನೊಂದು ಪಟ್ಟಿ ಬೇಕಾಗುತ್ತದೆ. ತುರ್ತಿಗೆ ಬಣ್ಣ ಕೊಡುವುದಂತೂ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಆಸಕ್ತಿಯಿಂದ ಹುಡುಕುವವರಿಗೆ ಎಲ್ಲವೂ ತುರ್ತಾಗಿಯೇ ಕಾಣುತ್ತದೆ, ಹಾಳೆಯೆಲ್ಲ ಕೆಂಪಾಗುತ್ತದೆ.

ನಾನು ಸೂಚಿಸುವ ಬಣ್ಣಗಳು ಐದು. ಬದುಕಿರುವವರ ಬಾಯಿಂದಲೇ ಕೇಳಬೇಕಾದ ಕೆಲಸಗಳಿಗೆ ಕೆಂಪು. ಸರ್ಕಾರಿ ಕಚೇರಿಯಲ್ಲಿ ಅರ್ಜಿ ಹಾಕಿ ಪಡೆಯಬೇಕಾದವಕ್ಕೆ ನೀಲಿ. ಊರಿಗೆ ಹೋಗಿ ಕಣ್ಣಾರೆ ನೋಡಬೇಕಾದವಕ್ಕೆ ಹಳದಿ. ಮನೆಯಲ್ಲಿ ಕುಳಿತು ಗಣಕಯಂತ್ರದಲ್ಲೋ ಮನೆಯ ಕಾಗದಗಳಲ್ಲೋ ಮುಗಿಸಬಹುದಾದವಕ್ಕೆ ಹಸಿರು. ಕಾಗದ ಕೈಯಲ್ಲಿದ್ದರೂ ಓದಲಾಗದೆ, ಬಲ್ಲವರಿಂದ ಓದಿಸಬೇಕಾದವಕ್ಕೆ ನೇರಳೆ. ಮುಗಿದ ಕೆಲಸದ ಬಣ್ಣ ತೆಗೆದುಬಿಡುವುದು. ಹುಡುಕಿಯೂ ಸಿಗದೆ ಹೋದದ್ದಕ್ಕೆ ಬೂದು.

ಕೆಂಪಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಐದರಲ್ಲಿ ಕಾಲ ಕಳೆದರೆ ಮತ್ತೆ ಸಿಗದ ಆಕರ ಇದೊಂದೇ. ಹಳೆಯ ಪಹಣಿಯಲ್ಲಿ ಹೆಂಗಸರ ಹೆಸರು ವಿರಳ, ಗಂಡ ಸತ್ತು ಖಾತೆ ಬದಲಾದಾಗ ಮಾತ್ರ ಆಕೆ ಒಂದು ಸಾಲಿನಲ್ಲಿ ಇಣುಕುತ್ತಾಳೆ. ಅಜ್ಜಿಯ ತವರು ಯಾವುದು, ಆಕೆಯ ತಾಯಿಯ ಹೆಸರೇನು, ಮದುವೆಯಾದ ಮೇಲೆ ಹೆಸರು ಬದಲಿಸಿದರೇ, ಹೆರಿಗೆಯಲ್ಲಿ ತೀರಿಕೊಂಡ ಮೊದಲ ಹೆಂಡತಿ ಇದ್ದಳೇ ಎಂಬ ಪ್ರಶ್ನೆಗಳಿಗೆ ಉತ್ತರ ಮನೆಯ ಹಿರಿಯ ಹೆಂಗಸರ ಬಳಿ ಮಾತ್ರ ಇರುತ್ತದೆ. ಅವರನ್ನು ಇಸವಿ ಕೇಳಿದರೆ ಪ್ರಯೋಜನವಿಲ್ಲ. ‘ಪ್ಲೇಗು ಬಂದಾಗ ಊರ ಹೊರಗೆ ಗುಡಿಸಲು ಹಾಕಿದ್ದರಂತೆ, ಆಗ ನಮ್ಮತ್ತೆ ಕೈಗೂಸು’ ಎಂಬಂಥ ಉತ್ತರವನ್ನು ಹಾಗೆಯೇ ಬರೆದುಕೊಂಡು, ಅದನ್ನು ಕಾಲಕ್ಕೆ ಹೊಂದಿಸುವುದನ್ನು ಬೇರೊಂದು ಹಸಿರು ಕೆಲಸವಾಗಿ ಪಟ್ಟಿಗೆ ಸೇರಿಸಬೇಕು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆದರೆ ಅದು ಬೇರೆ ಬೇರೆ ಊರುಗಳಿಗೆ ಬೇರೆ ಬೇರೆ ವರ್ಷಗಳಲ್ಲಿ ಮರಳಿ ಮರಳಿ ಬಂದಿತು. ‘ಧಾತು ಈಶ್ವರ ಬರ’ ಎಂದರೆ ಮಾತ್ರ ಅನುಮಾನವಿಲ್ಲ, 1876ರಿಂದ 1878ರ ನಡುವಿನದು. ಕೆಂಪು ಕೆಲಸಗಳನ್ನು ವ್ಯಕ್ತಿವಾರು ಜೋಡಿಸಿಕೊಳ್ಳಿ. ಒಬ್ಬರ ಮುಂದೆ ಕುಳಿತಾಗ ಅವರೊಬ್ಬರೇ ಹೇಳಬಲ್ಲ ಎಲ್ಲ ಪ್ರಶ್ನೆಗಳೂ ಕಣ್ಣ ಮುಂದಿರಲಿ. ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಕೇಳಿ ಮುಗಿಸಬೇಕೆಂದು ನಾನು ಹೇಳುತ್ತಿಲ್ಲ, ಹಿರಿಯರಿಗೆ ದಣಿವಾಗುತ್ತದೆ.

ನೀಲಿ ಕೆಲಸಗಳು ಕಚೇರಿಯ ಕ್ಯಾಲೆಂಡರಿಗೆ ಕಟ್ಟುಬಿದ್ದವು. ವಾರದ ದಿನವೇ ಹೋಗಬೇಕು, ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ, ಅರ್ಜಿ ಕೊಟ್ಟ ದಿನವೇ ನಕಲು ಸಿಗದು. ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೇಳಬೇಕಾದವುಗಳಲ್ಲಿ ವಂಶಶೋಧಕರಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು ಪೌತಿ ಖಾತೆಯ ಕಡತ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಖಾತೆದಾರ ತೀರಿಕೊಂಡಾಗ ವಾರಸುದಾರರು ಯಾರು ಯಾರು ಎಂದು ವಂಶವೃಕ್ಷ ಬರೆದು ಸೇರಿಸಿರುತ್ತಾರೆ. ಗೇಣಿದಾರರ ಕುಟುಂಬಗಳಿಗೆ, 1961ರ ಭೂಸುಧಾರಣಾ ಕಾಯ್ದೆ 1974ರಲ್ಲಿ ತಿದ್ದುಪಡಿಯಾದ ಮೇಲೆ ಭೂ ನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿಯೇ ಮೊದಲ ಲಿಖಿತ ದಾಖಲೆಯಾಗಿರುವುದುಂಟು. ಒಡೆಯರ ಹೆಸರು ಮಾತ್ರ ಬರೆದಿದ್ದ ಲೆಕ್ಕದಲ್ಲಿ ಗೇಯ್ದವರ ಹೆಸರು ಮೊದಲ ಸಲ ಕಾಣಿಸುವುದು ಅಲ್ಲಿ. ಇನಾಂ ಊರಿನವರು 1954ರ ಮೈಸೂರು ಇನಾಂ ರದ್ದತಿ ಕಾಯ್ದೆಯ ಕಾಲದ ಕಡತಗಳನ್ನು ಕೇಳಬೇಕು.

ಹಳದಿ ಕೆಲಸಗಳಿಗೆ ಋತುವಿದೆ. ಉತ್ತರ ಕರ್ನಾಟಕದ ಊರುಗಳಿಗೆ ಹೆಳವರು ಸುಗ್ಗಿ ಮುಗಿದ ಮೇಲೆ ಬಂದು, ತಮ್ಮ ಪಾಲಿನ ಒಕ್ಕಲು ಮನೆಗಳ ಮುಂದೆ ನಿಂತು ಮೂಲಪುರುಷನಿಂದ ಮೊದಲುಗೊಂಡು ಹೆಸರುಗಳನ್ನು ಹೇಳುತ್ತಾರೆ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಳ್ಳುತ್ತಾರೆ. ಪಟ್ಟಣಕ್ಕೆ ಬಂದು ನೆಲೆಸಿದವರಿಗೆ ಅವರ ಭೇಟಿ ತಪ್ಪಿಹೋಗಿದೆ. ಊರಿನಲ್ಲಿರುವ ದಾಯಾದಿಗಳಿಗೆ ಮೊದಲೇ ಹೇಳಿಟ್ಟು, ಬರುವ ಕಾಲ ತಿಳಿದುಕೊಂಡು ಹೋಗಬೇಕು. ಕೊಡಗಿನವರಿಗೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆ) ಒಕ್ಕದವರೆಲ್ಲ, ಅಂದರೆ ಒಂದೇ ಮನೆತನದವರೆಲ್ಲ, ಸೇರುವ ಹಬ್ಬದ ದಿನ, ಉಳಿದವರಿಗೆ ಊರ ಜಾತ್ರೆ ಒಳ್ಳೆಯ ಸಂದರ್ಭ. ಶಾಲೆಯ ದಾಖಲಾತಿ ಪುಸ್ತಕದಲ್ಲಿ ಮಾತ್ರ ಒಂದು ತೊಡಕಿದೆ: ನಾವು ಊರಿಗೆ ಹೋಗುವುದು ಏಪ್ರಿಲ್ ಮೇ ತಿಂಗಳ ಬೇಸಿಗೆ ರಜೆಯಲ್ಲಿ, ಆಗ ಶಾಲೆಯ ಬೀರುವಿಗೂ ಬೀಗ.

ಹಸಿರಿನ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. 2000ದ ಸುಮಾರಿಗೆ ಆರಂಭವಾದ ಭೂಮಿ ಯೋಜನೆಯಿಂದ ಪಹಣಿಗಳು ಗಣಕಕ್ಕೆ ಏರಿದವು, ಸರ್ವೆ ನಂಬರ್ ಗೊತ್ತಿದ್ದರೆ ಮನೆಯಿಂದಲೇ ನೋಡಬಹುದು.

ನೇರಳೆ ಬಣ್ಣವನ್ನು ಬೇರೆ ಯಾವ ಸಿದ್ಧ ಪದ್ಧತಿಯಲ್ಲೂ ನಾನು ಕಂಡಿಲ್ಲ, ನಮಗೆ ಮಾತ್ರ ಅದು ಬೇಕೇ ಬೇಕು. ಬೆಳಗಾವಿ ಧಾರವಾಡಗಳ ಕಡೆಯ ಹಳೆಯ ಕಾಗದ ಮೋಡಿಯಲ್ಲಿರಬಹುದು, ಕಲಬುರಗಿ ರಾಯಚೂರುಗಳ ಕಡೆಯದು ಉರ್ದುವಿನಲ್ಲಿ, ಕರಾವಳಿಯ ವೈದಿಕ ಮನೆಗಳ ಓಲೆಗರಿ ತಿಗಳಾರಿ ಲಿಪಿಯಲ್ಲಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿಗೆ ಸೇರಿದ ಕುಟುಂಬಗಳ ಜಾಡು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪತ್ರಾಗಾರದವರೆಗೆ, ಹಳೆಯ ಜರ್ಮನ್ ಕೈಬರಹದವರೆಗೆ ಹೋಗುತ್ತದೆ. ಕನ್ನಡದಲ್ಲೇ ಇರುವ ಜಾತಕವೂ ಕೆಲವೊಮ್ಮೆ ನೇರಳೆಯೇ. ‘ಕ್ರೋಧನ ಸಂವತ್ಸರ’ ಎಂದಷ್ಟೇ ಇದ್ದರೆ ಅದು 1865-66 ಆಗಿರಬಹುದು, 1925-26 ಆಗಿರಬಹುದು. ಅರವತ್ತು ವರ್ಷದ ಚಕ್ರದಲ್ಲಿ ಎರಡು ತಲೆಮಾರು ಮುಗಿದಿರುತ್ತವೆ. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯೂ ಸೇರಿಕೊಂಡರೆ, ಆ ಜಾತಕ ಯಾವ ವೆಂಕಪ್ಪನದು ಎಂದು ಹೇಳಲು ಗ್ರಹಸ್ಥಿತಿಯನ್ನು ಲೆಕ್ಕಹಾಕಬಲ್ಲ ಜೋಯಿಸರೇ ಬೇಕು. ಇದೇ ಕಾರಣಕ್ಕೆ ಪಟ್ಟಿಯಲ್ಲಿ ಹೆಸರಿನ ಜೊತೆಗೆ ಮೇಲೆ ಹೇಳಿದ ಸಂಖ್ಯೆಯೂ ಇರಲಿ. ಒಬ್ಬರಿಗೆ ಎರಡು ಸಂಖ್ಯೆ ಬಂದರೆ ಚಿಕ್ಕದನ್ನು ಇಟ್ಟುಕೊಂಡು ದೊಡ್ಡದನ್ನು ಪಕ್ಕದಲ್ಲಿ ಬರೆದರಾಯಿತು.

ಇದನ್ನೆಲ್ಲ ಒಂದು ಕಲ್ಪಿತ ಕುಟುಂಬಕ್ಕೆ ಅನ್ವಯಿಸಿ ನೋಡೋಣ. ಹುಬ್ಬಳ್ಳಿಯಲ್ಲಿ ನೆಲೆಸಿದ ಮನೆತನ, ಮುತ್ತಜ್ಜ ಕೊಪ್ಪಳದ ಕಡೆಯ ಹಳ್ಳಿಯಿಂದ ಬಂದವರು ಎಂದಷ್ಟೇ ತಿಳಿದಿದೆ. ‘ಮುತ್ತಜ್ಜನ ಊರಿನ ಬಗ್ಗೆ ತಿಳಿಯಬೇಕು’ ಎಂದು ಬರೆದುಕೊಂಡರೆ ಅದು ಬಯಕೆಯಾಯಿತೇ ಹೊರತು ಕೆಲಸವಾಗಲಿಲ್ಲ, ಅದಕ್ಕೆ ಬಣ್ಣ ಹಚ್ಚಲು ಬರುವುದಿಲ್ಲ. ಒಂದು ಪ್ರಶ್ನೆ, ಅದಕ್ಕೊಂದು ಜಾಗ ಎಂದು ಒಡೆದಾಗ ಮಾತ್ರ ಬಣ್ಣ ತಾನಾಗಿ ಗೊತ್ತಾಗುತ್ತದೆ. ಗದಗಿನಲ್ಲಿರುವ ಸೋದರತ್ತೆಯನ್ನು, ಊರು ಬಿಟ್ಟದ್ದು ಯಾವ ಬರದಲ್ಲಿ, ಹಳ್ಳಿಯ ಹೆಸರೇನು, ಮನೆದೇವರು ಯಾವುದು ಎಂದು ಕೇಳುವುದು ಕೆಂಪು. ಟ್ರಂಕಿನಲ್ಲಿರುವ ಉರ್ದು ರಸೀದಿಯನ್ನು ಓದಿಸುವುದು ನೇರಳೆ. ಕೊಪ್ಪಳ ಆಗ ನಿಜಾಮರ ಹೈದರಾಬಾದಿಗೆ ಸೇರಿತ್ತಾದ್ದರಿಂದ ಅದರಲ್ಲಿ ಕಂದಾಯದ ಲೆಕ್ಕದ ಫಸಲಿ ವರ್ಷ ಇರುತ್ತದೆ, ಅದಕ್ಕೆ ಸುಮಾರು 590 ಕೂಡಿಸಬೇಕು; ಫಸಲಿ 1340 ಎಂದರೆ 1930-31. ಹಳ್ಳಿಯ ಹೆಸರು ತಿಳಿದ ಮೇಲೆ ಈಗಿನ ಪಹಣಿಯಲ್ಲಿ ಅದೇ ಅಡ್ಡಹೆಸರಿನವರು ಯಾರಿದ್ದಾರೆಂದು ನೋಡುವುದು ಹಸಿರು, ತಾಲ್ಲೂಕು ಕಚೇರಿಯಲ್ಲಿ ಹಳೆಯ ಹಕ್ಕು ಬದಲಾವಣೆಯ ನಮೂದುಗಳಿಗೆ ಅರ್ಜಿ ಹಾಕುವುದು ನೀಲಿ, ದಾಯಾದಿಗಳನ್ನು ಕಂಡು ಹೆಳವರು ಯಾರೆಂದು ವಿಚಾರಿಸುವುದು ಹಳದಿ. ಕೊಪ್ಪಳಕ್ಕೆ ಹೋಗುವ ದಿನ ನಿಶ್ಚಯವಾದಾಗ ಆ ತಾಲ್ಲೂಕಿನ ನೀಲಿ ಮತ್ತು ಹಳದಿಯನ್ನಷ್ಟೇ ತೆರೆದು ನೋಡಿದರೆ ಸಾಕು. ಅದೇ ತಾಲ್ಲೂಕಿನಲ್ಲಿ ಅಜ್ಜಿಯ ತವರಿನ ಕೆಲಸವೂ ಇದ್ದರೆ ಅದೂ ಜೊತೆಗೇ ಕಾಣಿಸುತ್ತದೆ. ಕವಲಿನ ಪ್ರಕಾರ ಬಣ್ಣ ಹಾಕಿದ್ದರೆ ಅದು ಇನ್ನೊಂದು ಕಡತದಲ್ಲಿ ಮಲಗಿರುತ್ತಿತ್ತು.

ಬಣ್ಣಗಳ ಅನುಕ್ರಮದಲ್ಲಿ ಒಂದು ಎಚ್ಚರ ಬೇಕು, ಇದನ್ನು ಹೊರಗಿನ ಯಾವ ಕೈಪಿಡಿಯೂ ಹೇಳಿಕೊಡುವುದಿಲ್ಲ. ಪಟ್ಟಣದಿಂದ ಬಂದವರು ಕಚೇರಿಯಲ್ಲಿ ಪೌತಿ ಕಡತ ಕೇಳಿದರೆ, ವಂಶವೃಕ್ಷ ಬರೆಯತೊಡಗಿದರೆ, ‘ಪಾಲು ಕೇಳಲು ಬಂದಿದ್ದಾರೆ’ ಎಂಬ ಸುದ್ದಿ ನಾವು ದೊಡ್ಡಪ್ಪನ ಮನೆ ಮುಟ್ಟುವ ಮೊದಲೇ ಅಲ್ಲಿಗೆ ಮುಟ್ಟಿರುತ್ತದೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆ ತಿದ್ದುಪಡಿಯಾಗಿ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಬಂದ ಮೇಲೆ, ಮಗಳೋ ಮೊಮ್ಮಗಳೋ ವಿಚಾರಿಸಿದರೆ ಈ ಅನುಮಾನ ಇನ್ನೂ ಹೆಚ್ಚು. ಪಾಲು ಕೇಳುವುದು ಅವರ ಹಕ್ಕು, ಆ ಮಾತು ಬೇರೆ. ಆದರೆ ಚರಿತ್ರೆಯ ಹುಡುಕಾಟಕ್ಕೆ ಮಾತ್ರ ಬಂದವರು, ಒಂದು ಮನೆಯ ಕೆಂಪು ಕೆಲಸ ಮುಗಿಯುವವರೆಗೆ ಅದೇ ಮನೆಯ ನೀಲಿ ಕೆಲಸವನ್ನು ಮುಟ್ಟದಿರುವುದು ಒಳ್ಳೆಯದು. ದತ್ತು, ಎರಡನೆಯ ಸಂಬಂಧ, ಮನೆಬಿಟ್ಟು ಹೋದವರು ಇಂಥ ಸಂಗತಿಗಳಿರುವ ಸಾಲುಗಳನ್ನು ಹಂಚಿಕೊಳ್ಳುವ ಪಟ್ಟಿಯಲ್ಲಿ ಇಡಲೇಬಾರದು. ಅವಕ್ಕೆ ಬೇರೆ ಪುಸ್ತಕ ಇರಲಿ.

ಉಪಕರಣ ಯಾವುದಾದರೂ ಆದೀತು. ಗಣಕಯಂತ್ರದ ಕೋಷ್ಟಕದಲ್ಲಾದರೆ ಬಣ್ಣದ ಮೇಲೆ ಸೋಸಿ ನೋಡುವ ಸೌಲಭ್ಯವಿದೆ. ನೋಟ್‌ಬುಕ್ಕಿನಲ್ಲಾದರೆ ಅಂಚಿಗೆ ಬಣ್ಣದ ಪೆನ್ಸಿಲ್ಲಿನ ಗೀರು ಸಾಕು. ಎರಡರಲ್ಲೂ ಬಣ್ಣದ ಜೊತೆಗೆ ಒಂದು ಅಕ್ಷರ ಬರೆಯಿರಿ: ಹಿರಿಯರಿಗೆ ಹಿ, ಕಚೇರಿಗೆ ಕ, ಊರಿಗೆ ಊ, ಮನೆಗೆ ಮ, ಓದಿಸುವುದಕ್ಕೆ ಓ. ಜೆರಾಕ್ಸ್ ಮಾಡಿಸಿದರೆ ಬಣ್ಣ ಹೋಗುತ್ತದೆ, ಅಕ್ಷರ ಉಳಿಯುತ್ತದೆ. ಕೆಂಪು ಹಸಿರುಗಳ ವ್ಯತ್ಯಾಸ ಕಾಣದವರೂ ಮನೆಯಲ್ಲಿರಬಹುದು. ಆ ಬಣ್ಣಗುರುಡೇ ವಂಶದಲ್ಲಿ ಇಳಿಯುವ ಸಂಗತಿ ಎಂಬುದು ನಮ್ಮಂಥವರಿಗೆ ಸ್ವಾರಸ್ಯದ ವಿಷಯ: ಅಜ್ಜನಿಂದ ಮಗಳ ಮೂಲಕ, ಅವಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳದೆ, ಮೊಮ್ಮಗನಿಗೆ ದಾಟುತ್ತದೆ. ಇನ್ನು ಮೂಲ ಕಾಗದಗಳ ಮೇಲೆ ಯಾವ ಬಣ್ಣವೂ ಬೇಡ. ಹೈಲೈಟರ್ ಶಾಯಿ, ಅಂಟುಚೀಟಿ, ಸೆಲ್ಲೋಟೇಪು ಇವು ಹಳೆಯ ಕಾಗದವನ್ನು ಕೆಡಿಸುತ್ತವೆ. ಬಣ್ಣ ಏನಿದ್ದರೂ ಹೊರಗಿನ ಲಕೋಟೆಗೆ ಮತ್ತು ಪಟ್ಟಿಗೆ.

ಬೂದು ಸಾಲುಗಳನ್ನು ಅಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅಳಿಸಿದರೆ ಎರಡು ವರ್ಷ ಬಿಟ್ಟು ನೀವೇ, ಅಥವಾ ನಿಮ್ಮ ಚಿಕ್ಕಪ್ಪನ ಮಗಳು, ಅದೇ ಕಚೇರಿಯಲ್ಲಿ ಅದೇ ಸರ್ವೆ ನಂಬರಿಗೆ ಮತ್ತೆ ಅರ್ಜಿ ಹಾಕುವಿರಿ. ಯಾವ ದಫ್ತರದಲ್ಲಿ, ಯಾವ ಇಸವಿಯಿಂದ ಯಾವ ಇಸವಿಯವರೆಗೆ, ಯಾವ ಹೆಸರಿಗಾಗಿ ಹುಡುಕಿದೆವು ಎಂಬುದು ಆ ಸಾಲಿನಲ್ಲಿ ಇರಬೇಕು. ಈಗ ಕಂದಾಯ ಇಲಾಖೆಯು ಭೂ ಸುರಕ್ಷಾ ಯೋಜನೆಯಡಿ ತಾಲ್ಲೂಕುಗಳ ದಾಖಲೆ ಕೊಠಡಿಯ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುತ್ತಿರುವುದರಿಂದ, ಹರಿದ ಕಟ್ಟುಗಳಲ್ಲಿ ಕೈಗೆ ಸಿಗದಿದ್ದ ಪುಟ ಹುಡುಕುವಾಗ ಪರದೆಯ ಮೇಲೆ ಸಿಕ್ಕರೂ ಸಿಕ್ಕೀತು. ನಿಮ್ಮ ತಾಲ್ಲೂಕಿನ ಕೆಲಸ ಎಲ್ಲಿಗೆ ಬಂದಿದೆ ಎಂದು ಆಗಾಗ ವಿಚಾರಿಸಿ, ಮುಗಿದಿದ್ದರೆ ಆ ತಾಲ್ಲೂಕಿನ ನೀಲಿ ಸಾಲುಗಳನ್ನೂ ಬೂದು ಸಾಲುಗಳನ್ನೂ ಒಟ್ಟಿಗೆ ತೆರೆದು ಇನ್ನೊಮ್ಮೆ ಹುಡುಕಲು ಕೊಡಿ.